ಅಡುಗೆಮನೆಯ ಹೊಗೆ ಮತ್ತು ಮನೆಯ ಹೊರಗೋಡೆ: ಮೈಕ್ರೋವೇವ್ ಒಲೆಯ ವಾಯುನಿರ್ಗಮದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯಮವರ್ಗದ ಗೃಹಗಳಲ್ಲಿ ಅಡುಗೆಯ ಒಲೆಗೆ ನೇರವಾಗಿ ಮೇಲುಗಡೆ, ಗೋಡೆಗೆ ಬಿಗಿದ ಮೈಕ್ರೋವೇವ್ ಒಲೆಯೊಂದನ್ನು ಕಾಣುವುದು ಸರ್ವಸಾಮಾನ್ಯವಾಗಿದೆ. ಈ ಉಪಕರಣವು ಎರಡು ಕೆಲಸಗಳನ್ನು ಮಾಡತಕ್ಕದ್ದು. ಅದರ ಒಡಲಿನಲ್ಲಿ ಆಹಾರವು ಬಿಸಿಯಾಗುತ್ತದೆ; ಅದರ ತಳದ ಜಾಲರಿಗಳ ಮೂಲಕ ಕೆಳಗಿನ ಒಲೆಯ ಹೊಗೆ, ಹಬೆ, ಜಿಡ್ಡುಗಳನ್ನು ಬೀಸಣಿಗೆಯೊಂದು ಸೆಳೆದುಕೊಳ್ಳುತ್ತದೆ. ಹಾಗೆ ಸೆಳೆದುಕೊಂಡ ಗಾಳಿಗೆ ಎರಡು ದಾರಿಗಳುಂಟು. ತಗಡಿನ ಕೊಳವೆಯ ಮೂಲಕ ಗೋಡೆಯನ್ನಾಗಲಿ ಮಾಡನ್ನಾಗಲಿ ದಾಟಿಸಿ ಬಯಲಿಗೆ ಬಿಡುವುದು ಒಂದು. ಇದ್ದಿಲಿನ ಶೋಧಕದಲ್ಲಿ ಹಾಯಿಸಿ ಅದೇ ಅಡುಗೆಮನೆಯೊಳಕ್ಕೆ ಮರಳಿ ಊದುವುದು ಇನ್ನೊಂದು. ಯಂತ್ರವು ಒಂದೇ. ಬೀಸಣಿಗೆಯ ಭಾಗವನ್ನು ಬಿಚ್ಚಿ, ಮುಖವನ್ನು ತಿರುಗಿಸಿ ಕೂರಿಸಿದರೆ ದಾರಿ ಬದಲಾಗುತ್ತದೆ. ಅನೇಕ ಯಂತ್ರಗಳು ಕಾರ್ಖಾನೆಯಿಂದ ಬರುವಾಗಲೇ ಎರಡನೆಯ ದಾರಿಗೆ ಅಣಿಯಾಗಿ ಬರುತ್ತವೆ.

ಇದು ಯಂತ್ರಕುಶಲಿಗಳ ಪ್ರಶ್ನೆ, ಚರಿತ್ರಕಾರನಿಗೆ ಇಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಹೊಗೆಯನ್ನು ಹೊರಗೆ ಕಳುಹಿಸಬೇಕೆಂಬ ತಿಳಿವಳಿಕೆಯು ಬಹು ಹಳೆಯದು. ಆದರೆ ಮನೆಯ ಗೋಡೆಯಲ್ಲಿ ಅದಕ್ಕೊಂದು ರಂಧ್ರವಿರುವುದೋ ಇಲ್ಲವೋ ಎಂಬುದು ಆ ತಿಳಿವಳಿಕೆಯಿಂದಲೇ ನಿರ್ಣಯವಾದ ಸಂದರ್ಭಗಳು ವಿರಳ. ಗೋಡೆ ಯಾರದು, ಅದನ್ನು ಒಡೆಯುವ ವೆಚ್ಚವನ್ನು ಹೊರುವವರು ಯಾರು, ಒಲೆಯ ಮುಂದೆ ನಿಲ್ಲುವವರು ಯಾರು ಎಂಬ ಸಂಗತಿಗಳೇ ಅದನ್ನು ನಿರ್ಣಯಿಸುತ್ತ ಬಂದಿವೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಸ್ಥೂಲವಾಗಿ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ವಸಾಹತುಗಾರರು ಗೃಹನಿರ್ಮಾಣದ ರೂಢಿಯನ್ನು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಕೊಂಡೊಯ್ದುದರಿಂದ ನಾವು ಅಲ್ಲಿಂದಲೇ ತೊಡಗಬೇಕು. ಎಸೆಕ್ಸ್ ಪ್ರಾಂತದ ರ‍್ಯಾಡ್ವಿಂಟರ್ ಗ್ರಾಮದ ಪಾದ್ರಿಯಾಗಿದ್ದ ವಿಲಿಯಂ ಹ್ಯಾರಿಸನ್ನನು ೧೫೭೭ರಲ್ಲಿ ಪ್ರಕಟವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ, ತಮ್ಮ ಕಾಲದಲ್ಲಿ ಸೋಜಿಗವಾಗುವಷ್ಟು ಬದಲಾದ ಸಂಗತಿಗಳೆಂದು ಊರಿನ ವೃದ್ಧರು ಎಣಿಸುತ್ತಿದ್ದ ಮೂರನ್ನು ಹೇಳುತ್ತಾನೆ. ಹಾಸಿಗೆ ಮತ್ತು ಪಾತ್ರೆಗಳ ಜೊತೆಗೆ ಹೊಸದಾಗಿ ಎದ್ದ ಹೊಗೆಗೊಳವೆಗಳ ಸಂಖ್ಯೆಯೂ ಅವುಗಳಲ್ಲೊಂದು. ತತ್ಪೂರ್ವದಲ್ಲಿ ಮನೆಯ ನಡುವೆ ಉರಿಯುತ್ತಿದ್ದ ಬೆಂಕಿಯ ಹೊಗೆಯು ಮಾಡಿನ ಸಂದುಗಳಿಂದ ತನಗೆ ತೋಚಿದಂತೆ ಹೊರಬೀಳುತ್ತಿದ್ದಿತು. ಕುತೂಹಲದ ವಿಷಯವೆಂದರೆ, ಹ್ಯಾರಿಸನ್ನನು ಇದನ್ನು ಕೇವಲ ಪ್ರಗತಿಯೆಂದು ಬಗೆಯಲಿಲ್ಲ. ಹೊಗೆಯು ಮನೆಯ ಮರಮುಟ್ಟನ್ನು ಗಟ್ಟಿಗೊಳಿಸುತ್ತಿದ್ದಿತೆಂದೂ, ಮನೆಯವರನ್ನು ವೈದ್ಯನ ಕೈಗೆ ಬೀಳದಂತೆ ಕಾಪಾಡುತ್ತಿದ್ದಿತೆಂದೂ, ಹೊಗೆಗೊಳವೆಗಳು ಬಂದ ಮೇಲೆ ಜನರಿಗೆ ನೆಗಡಿ ಹೆಚ್ಚಿತೆಂದೂ ಆತನು ಬರೆದಿದ್ದಾನೆ. ನಮ್ಮ ನಾಡಿನಲ್ಲಿಯೂ ಹೊಗೆ ತಾಕಿದ ತೊಲೆಗೆ ಹುಳು ಹಿಡಿಯದು, ಹುಲ್ಲಿನ ಮಾಡು ಬಾಳುತ್ತದೆ ಎಂದು ಹಿರಿಯರು ಹೇಳುತ್ತಿದ್ದುದನ್ನು ಇದರೊಡನೆ ಹೋಲಿಸಬಹುದು. ತೊಲೆಯ ಮಟ್ಟಿಗೆ ಆ ಮಾತು ಸುಳ್ಳೂ ಅಲ್ಲ. ಒಲೆಯ ಮುಂದೆ ಕುಳಿತವಳ ಶ್ವಾಸಕೋಶವನ್ನು ಮಾತ್ರ ಯಾರೂ ತೊಲೆಯೊಡನೆ ತೂಗಿ ನೋಡಲಿಲ್ಲ.

ಹೊಗೆಗೊಳವೆಯು ರೂಢಿಗೆ ಬಂದೊಡನೆಯೇ ಅದು ರಾಜ್ಯದ ಕಣ್ಣಿಗೂ ಬಿದ್ದಿತು. ೧೬೬೨ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಲೆಯೊಂದಕ್ಕೆ ವರ್ಷಕ್ಕೆ ಎರಡು ಷಿಲಿಂಗಿನಂತೆ ತೆರಿಗೆಯನ್ನು ವಿಧಿಸಿತು. ಬಡವರಿಗೆ ವಿನಾಯಿತಿಯಿದ್ದರೂ, ಉಳಿದ ಮನೆಗಳಲ್ಲಿ ತೆರಿಗೆಯನ್ನು ತೆರಬೇಕಾದವನು ಸಾಮಾನ್ಯವಾಗಿ ಅಲ್ಲಿ ವಾಸಿಸುವವನೇ ಹೊರತು ಮನೆಯ ಒಡೆಯನಲ್ಲ. ಅಧಿಕಾರಿಗಳು ಒಳಹೊಕ್ಕು ಒಲೆಗಳನ್ನೆಣಿಸುತ್ತಿದ್ದರು. ಜನರು ಒಲೆಗಳನ್ನು ಮುಚ್ಚಿ ಮರೆಮಾಡುತ್ತಿದ್ದರು. ಆಕ್ಸ್‌ಫರ್ಡ್ ಪ್ರಾಂತದ ಚರ್ಚಿಲ್ ಗ್ರಾಮದಲ್ಲಿ ೧೬೮೪ರಲ್ಲಿ ಸಂಭವಿಸಿದ ಅಗ್ನಿ ಅನಾಹುತಕ್ಕೆ, ರೊಟ್ಟಿ ಸುಡುವವರೊಬ್ಬರು ತೆರಿಗೆಯನ್ನು ತಪ್ಪಿಸುವುದಕ್ಕಾಗಿ ಗೋಡೆಯನ್ನು ಕೊರೆದು ತಮ್ಮ ಒಲೆಯನ್ನು ನೆರೆಮನೆಯ ಹೊಗೆಗೊಳವೆಗೆ ಜೋಡಿಸಿದುದೇ ಕಾರಣವೆಂದು ಪ್ರತೀತಿಯುಂಟು. ತೆರಿಗೆಯು ೧೬೮೯ರಲ್ಲಿ ರದ್ದಾಯಿತು. ಗೋಡೆಯಲ್ಲಿಯ ರಂಧ್ರವು ವಾಯುವಿನ ವಿಷಯವಾಗಿರುವಷ್ಟೇ ಹಣದ ವಿಷಯವೂ ಆಗಿರುವುದಕ್ಕೆ ಇದಕ್ಕಿಂತ ಹಳೆಯ ನಿದರ್ಶನವನ್ನು ನಾವು ಅರಸಬೇಕಾಗಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಹೊಗೆಗೊಳವೆಯು ವಿಜ್ಞಾನದ ವಿಷಯವಾಯಿತು. ಬೆಂಜಮಿನ್ ಫ್ರಾಂಕ್ಲಿನ್ನನು ೧೭೪೪ರಲ್ಲಿ ತನ್ನ ಪೆನ್ಸಿಲ್ವೇನಿಯ ಒಲೆಯನ್ನು ಕುರಿತು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿ, ಬವೇರಿಯದಲ್ಲಿ ಕೌಂಟ್ ರಂಫರ್ಡ್ ಎಂಬ ಬಿರುದನ್ನು ಪಡೆದ ಬೆಂಜಮಿನ್ ಥಾಂಪ್ಸನ್ನನು ೧೭೯೬ರಲ್ಲಿ ಲಂಡನ್ನಿನ ಹೊಗೆಯಾಡುವ ಅಗ್ಗಿಷ್ಟಿಕೆಗಳನ್ನು ಕುರಿತು ಬರೆದು, ಹೊಗೆಗೊಳವೆಯ ಕಂಠವನ್ನು ಕಿರಿದುಗೊಳಿಸಿದರೆ ಹೊಗೆಯು ಕೋಣೆಗೆ ಮರಳದೆ ಮೇಲೇರುವುದೆಂದು ತೋರಿಸಿಕೊಟ್ಟನು. ಇವರಿಬ್ಬರ ಬರಹಗಳಿಂದ ತಿಳಿಯುವ ತತ್ತ್ವವು ಮುಂದಿನ ಕಥೆಗೆ ಅಗತ್ಯವಾದುದು. ಹೊಗೆಯನ್ನು ಮೇಲಕ್ಕೆಳೆಯುವುದು ಹೊಗೆಗೊಳವೆಯ ಇಟ್ಟಿಗೆಯಲ್ಲ. ಬೆಂಕಿಯಿಂದ ಕಾದು ಹಗುರವಾದ ಗಾಳಿಯೇ ಮೇಲೇರುತ್ತ ಹೊಗೆಯನ್ನೂ ಜೊತೆಗೊಯ್ಯುತ್ತದೆ. ಎಂದರೆ, ದೊಡ್ಡ ಬೆಂಕಿಯು ತನ್ನ ಹೊಗೆಯನ್ನು ತಾನೇ ಹೊರದೂಡುತ್ತದೆ. ಬೆಂಕಿಯು ಸಣ್ಣದಾದಷ್ಟೂ ಈ ಶಕ್ತಿಯು ಕುಂದುತ್ತದೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಎರಕದ ಕಬ್ಬಿಣದ ಮುಚ್ಚಿದ ಒಲೆಯೂ ಅದರ ತಗಡಿನ ಕೊಳವೆಯೂ ಬೇರ್ಪಡಿಸಲಾಗದ ಜೋಡಿಯಾಗಿದ್ದುವು. ಕೊಳವೆಯಿಲ್ಲದೆ ಆ ಒಲೆಯು ಉರಿಯುವಂತೆಯೇ ಇರಲಿಲ್ಲ. ಈ ಕಾಲದಲ್ಲಿ ಅಡುಗೆಮನೆಯ ಗಾಳಿಯನ್ನು ಕುರಿತು ಗಂಭೀರವಾಗಿ ಆಲೋಚಿಸಿದವರು ಗೃಹಿಣಿಯರ ಪಕ್ಷದ ಲೇಖಕಿಯರು ಎಂಬುದು ಉಲ್ಲೇಖಾರ್ಹ. ಕ್ಯಾಥರೀನ್ ಬೀಚರ್ ಮತ್ತು ಆಕೆಯ ಸೋದರಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಇವರು ೧೮೬೯ರಲ್ಲಿ ಪ್ರಕಟಿಸಿದ ‘ದಿ ಅಮೆರಿಕನ್ ವುಮನ್ಸ್ ಹೋಮ್’ ಗ್ರಂಥದಲ್ಲಿ, ಒಲೆಯಿರುವ ಕೋಣೆಯನ್ನು ಅಡುಗೆಯ ಸಿದ್ಧತೆಯ ಕೋಣೆಯಿಂದ ಗಾಜಿನ ಸರಿಬಾಗಿಲುಗಳಿಂದ ಬೇರ್ಪಡಿಸುವ ನಕ್ಷೆಯಿದೆ. ಬಿಸಿಯೂ ವಾಸನೆಯೂ ಕೆಲಸ ಮಾಡುವವಳತ್ತ ಬರಬಾರದೆಂಬುದು ಅದರ ಉದ್ದೇಶ. ಅವರು ಮನೆಯ ಸಂಪೂರ್ಣ ವಾಯುಸಂಚಾರವನ್ನು ಗೋಡೆಗಳೊಡನೆಯೇ ಕಟ್ಟಬೇಕಾದ ಅಂಗವೆಂದು ಎಣಿಸಿದರು. ಅವರ ನಕ್ಷೆಯನ್ನು ಆಚರಣೆಗೆ ತರಬೇಕಾಗಿದ್ದವರು ಮಾತ್ರ ಮನೆ ಕಟ್ಟಿಸುವ ಗಂಡಸರು.

ಮುಂದೆ ಬಂದುದು ಅನಿಲದ ಒಲೆ. ಇಂಗ್ಲೆಂಡಿನಲ್ಲಿ ಜೇಮ್ಸ್ ಷಾರ್ಪ್ ಎಂಬಾತನು ೧೮೨೬ರಲ್ಲಿಯೇ ಇದಕ್ಕೆ ಹಕ್ಕುಪತ್ರವನ್ನು ಪಡೆದಿದ್ದರೂ, ನಗರಗಳ ಮನೆಮನೆಗೆ ಅದು ಹೊಕ್ಕುದು ಶತಮಾನದ ಅಂತ್ಯದ ವೇಳೆಗೆ. ಅನಿಲದ ಜ್ವಾಲೆಯು ಮಸಿ ಕಟ್ಟುವುದಿಲ್ಲ, ಬೂದಿ ಬೀಳಿಸುವುದಿಲ್ಲ. ಕಣ್ಣಿಗೆ ಹೊಗೆಯೇ ಕಾಣದು. ಆದುದರಿಂದ ಒಲೆಗೂ ಹೊಗೆಗೊಳವೆಗೂ ಇದ್ದ ನಂಟು ಕಡಿಯಿತು. ಹೊಸ ಮನೆಗಳ ಅಡುಗೆಮನೆಯಲ್ಲಿ ಹೊಗೆಗೊಳವೆಯನ್ನು ಕಟ್ಟುವ ವೆಚ್ಚ ಉಳಿಯಿತು. ವಿದ್ಯುತ್ತಿನ ಒಲೆಯಲ್ಲಂತೂ ಜ್ವಾಲೆಯೇ ಇಲ್ಲ. ಆದರೆ ಹೊಗೆಯು ಇಂಧನದಿಂದ ಮಾತ್ರ ಹುಟ್ಟತಕ್ಕದ್ದಲ್ಲ. ಕಾದ ಎಣ್ಣೆಯಿಂದಲೂ, ಸೀದ ಅನ್ನದಿಂದಲೂ, ಹುರಿದ ಮಾಂಸದಿಂದಲೂ ಸೂಕ್ಷ್ಮ ಕಣಗಳು ಏಳುತ್ತವೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅನಿಲದ ಜ್ವಾಲೆಯಾದರೋ ಕಣ್ಣಿಗೆ ಕಾಣದ ನೈಟ್ರೊಜನ್ ಡಯಾಕ್ಸೈಡನ್ನು ಹೊರಬಿಡುತ್ತದೆ. ಇಂಧನವು ‘ಶುದ್ಧ’ವಾಯಿತೆಂಬ ನಂಬಿಕೆಯಿಂದ ಮನೆಯು ತನ್ನ ಹೊರದಾರಿಯನ್ನು ಕಳೆದುಕೊಂಡಿತು. ಈ ಕಥೆಯ ಮೊದಲ ತಿರುವು ಇದು.

೧೯೩೦ರ ದಶಕದಿಂದ ಅಮೆರಿಕದ ಅಡುಗೆಮನೆಗಳಲ್ಲಿ ವಿದ್ಯುತ್ ಬೀಸಣಿಗೆಯು ಗೋಡೆಯಲ್ಲಿ ಕಾಣಿಸಿಕೊಂಡಿತು. ಅನಂತರ ಒಲೆಯ ಮೇಲೆ ಹುಡ್, ಎಂದರೆ ಬೋರಲು ಹಾಕಿದ ಬುಟ್ಟಿಯಂಥ ತಗಡಿನ ಮುಚ್ಚಿಗೆ, ಬಂದಿತು. ಬೆಂಕಿಯು ತಾನೇ ಮಾಡುತ್ತಿದ್ದ ಕೆಲಸವನ್ನು ಈಗ ಮೋಟಾರು ಮಾಡಬೇಕಾಯಿತು. ಗೋಡೆಯನ್ನು ಒಡೆಯದೆಯೂ ಹುಡ್ಡನ್ನು ಮಾರಬಹುದೆಂದು ತಯಾರಕರಿಗೆ ಹೊಳೆಯಲು ಬಹುಕಾಲ ಹಿಡಿಯಲಿಲ್ಲ. ಇದ್ದಿಲಿನ ಶೋಧಕವನ್ನು ತೊಡಿಸಿ ಗಾಳಿಯನ್ನು ಕೋಣೆಗೇ ಮರಳಿಸುವ ಹುಡ್ಡುಗಳು ಹೀಗೆ ಬಂದುವು.

ಇತ್ತ ಮೈಕ್ರೋವೇವ್ ಒಲೆಯ ಜನನವು ಅಡುಗೆಮನೆಗೆ ಸಂಬಂಧವೇ ಇಲ್ಲದ ಕಡೆ ಆಯಿತು. ಎರಡನೆಯ ಮಹಾಯುದ್ಧದಲ್ಲಿ ರೇಡಾರಿಗಾಗಿ ಮ್ಯಾಗ್ನೆಟ್ರಾನ್ ನಳಿಗೆಗಳನ್ನು ತಯಾರಿಸುತ್ತಿದ್ದ ರೇಥಿಯಾನ್ ಸಂಸ್ಥೆಯ ಪರ್ಸಿ ಸ್ಪೆನ್ಸರನು, ತನ್ನ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿದುದನ್ನು ಕಂಡನೆಂಬ ಕಥೆ ಪ್ರಸಿದ್ಧವಾಗಿದೆ. ಆತನು ೧೯೪೫ರ ಅಕ್ಟೋಬರಿನಲ್ಲಿ ಸಲ್ಲಿಸಿದ ಅರ್ಜಿಗೆ ೧೯೫೦ರ ಜನವರಿಯಲ್ಲಿ ಹಕ್ಕುಪತ್ರ ದೊರೆಯಿತು. ೧೯೪೭ರ ಮೊದಲ ‘ರೇಡಾರೇಂಜ್’ ಆಳೆತ್ತರದ್ದು, ನೀರಿನಿಂದ ತಂಪುಗೊಳಿಸಬೇಕಾದದ್ದು. ಉಪಾಹಾರಗೃಹಗಳಿಗೂ ಹಡಗುಗಳಿಗೂ ಮಾತ್ರ ಯೋಗ್ಯವಾದದ್ದು. ೧೯೫೫ರಲ್ಲಿ ಟ್ಯಾಪನ್ ಸಂಸ್ಥೆಯು ಗೃಹಬಳಕೆಗೆಂದು ೧,೨೯೫ ಡಾಲರಿಗೆ ಒಂದನ್ನು ತಂದಿತು, ಕೊಂಡವರು ಸ್ವಲ್ಪವೇ. ರೇಥಿಯಾನ್ ೧೯೬೫ರಲ್ಲಿ ಅಮಾನಾ ಸಂಸ್ಥೆಯನ್ನು ಕೊಂಡುಕೊಂಡು, ೧೯೬೭ರಲ್ಲಿ ಕಟ್ಟೆಯ ಮೇಲಿಡಬಹುದಾದ ಒಲೆಯನ್ನು ೪೯೫ ಡಾಲರಿಗೆ ಮಾರುಕಟ್ಟೆಗೆ ಬಿಟ್ಟ ಮೇಲೆಯೇ ಅದು ಮನೆಯ ವಸ್ತುವಾಯಿತು.

ಈ ಒಲೆಗೆ ಹೊಗೆಗೊಳವೆ ಬೇಕಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಅದರಲ್ಲಿ ಏನೂ ಉರಿಯುವುದಿಲ್ಲ. ಮ್ಯಾಗ್ನೆಟ್ರಾನನ್ನು ತಂಪಿಡಲು ಒಳಗೊಂದು ಪುಟ್ಟ ಬೀಸಣಿಗೆಯಿದ್ದು, ಆಹಾರದಿಂದೆದ್ದ ಹಬೆಯು ಅದರ ಗಾಳಿಯೊಡನೆ ಕಿಂಡಿಗಳಿಂದ ಹೊರಬರುತ್ತದೆ, ಅಷ್ಟೇ. ತರಂಗಗಳು ಲೋಹದ ಪೆಟ್ಟಿಗೆಯೊಳಗೇ ಬಂಧಿತವಾಗಿರುತ್ತವೆ. ಹೊರಗೋಡೆಗೆ ಹೋಗುವ ಕೊಳವೆಯು ‘ಕಿರಣ’ಗಳನ್ನು ಸಾಗಿಸುವುದಕ್ಕೆ ಇರುವುದೆಂಬ ಭಾವನೆ ನಿರಾಧಾರವಾದುದು, ಅದು ಕೆಳಗಿನ ಒಲೆಯ ಹೊಗೆಗಾಗಿ ಇರುವುದು. ಆದರೆ ಜನರ ಹೆದರಿಕೆಯೆಲ್ಲ ಕಿರಣಗಳ ಕಡೆಗೇ ಹರಿಯಿತು. ೧೯೬೮ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಿಕಿರಣ ನಿಯಂತ್ರಣದ ಶಾಸನವನ್ನು ಅಂಗೀಕರಿಸಿತು. ಅದರ ಮೇರೆಗೆ ೧೯೭೧ರಿಂದ ತಯಾರಾದ ಪ್ರತಿಯೊಂದು ಒಲೆಯೂ ತನ್ನ ಬಾಳಿಕೆಯುದ್ದಕ್ಕೂ, ಮೇಲ್ಮೈಯಿಂದ ೫ ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ ೫ ಮಿಲಿವಾಟ್‌ಗಿಂತ ಹೆಚ್ಚು ಸೋರಬಾರದೆಂದು ಕಟ್ಟಳೆಯಾಯಿತು. ಗ್ರಾಹಕರ ಪಕ್ಷದ ಕನ್ಸ್ಯೂಮರ್ಸ್ ಯೂನಿಯನ್ ೧೯೭೩ರಲ್ಲಿ ಇದರಿಂದಲೂ ಸಮಾಧಾನಗೊಳ್ಳಲಿಲ್ಲ. ಹೊಸ ಯಂತ್ರದ ಬಗೆಗೆ ಇಷ್ಟು ಎಚ್ಚರ ವಹಿಸಿದ ಅದೇ ಸಮಾಜವು, ಅದೇ ಅಡುಗೆಮನೆಯಲ್ಲಿ ಪ್ರತಿದಿನವೂ ಎರಡು ಹೊತ್ತು ಉರಿಯುತ್ತಿದ್ದ ಹಳೆಯ ಅನಿಲದ ಒಲೆಯ ಗಾಳಿಯನ್ನು ಅಳೆಯುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಅಪರಿಚಿತವಾದುದು ಹೆದರಿಸುತ್ತದೆ, ಬಳಕೆಯಾದುದು ಹೆದರಿಸುವುದಿಲ್ಲ ಎಂಬುದೊಂದೇ ಇದಕ್ಕೆ ನಮಗೆ ತೋಚುವ ಕಾರಣ.

ಎರಡನೆಯ ತಿರುವು ಬಂದುದು ೧೯೭೦ರ ದಶಕದ ಅಂತ್ಯದಲ್ಲಿ. ಆ ವೇಳೆಗೆ ಅಮೆರಿಕದ ಹತ್ತು ಮನೆಗಳಲ್ಲಿ ಒಂದರಲ್ಲಿಯೂ ಮೈಕ್ರೋವೇವ್ ಇರಲಿಲ್ಲವೆಂದು ಸ್ಥೂಲವಾಗಿ ಹೇಳಬಹುದು. ಮುಂದಿನ ಎರಡು ದಶಕಗಳಲ್ಲಿ ಅದು ಬಹುಪಾಲು ಮನೆಗಳನ್ನು ಹೊಕ್ಕಿತು. ಕಟ್ಟೆಯ ಮೇಲೆ ಜಾಗ ಸಾಲದಾಯಿತು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಒಲೆಯ ಮೇಲಿದ್ದ ಹುಡ್ಡನ್ನು ತೆಗೆದು ಅದರ ಸ್ಥಾನದಲ್ಲಿ ಮೈಕ್ರೋವೇವನ್ನೇ ಬಿಗಿಯುವ ಉಪಾಯವನ್ನು ಕಂಡುಹಿಡಿದು, ಅದಕ್ಕೆ ‘ಸ್ಪೇಸ್‌ಮೇಕರ್’ ಎಂದು ಹೆಸರಿಟ್ಟಿತು. ಈ ಹೆಸರೇ ಅದರ ಇತಿಹಾಸವನ್ನು ಹೇಳುತ್ತದೆ: ಜಾಗವನ್ನು ಉಳಿಸಿಕೊಡುವುದು ಅದರ ಹೆಗ್ಗಳಿಕೆಯೇ ಹೊರತು ಹೊಗೆಯನ್ನು ಕಳೆಯುವುದಲ್ಲ. ಹುಡ್ಡು ಹೊಗೆಗೆಂದೇ ಹುಟ್ಟಿದ ವಸ್ತು. ಈಗ ಹೊಗೆಯು ಇನ್ನೊಂದು ಯಂತ್ರದ ತಳದಲ್ಲಿ ಜಾಗ ಬೇಡಬೇಕಾಯಿತು. ಅಡುಗೆಯ ಒಲೆಯು ಗೋಡೆಯಿಂದ ಸುಮಾರು ೨೫ ಅಂಗುಲ ಮುಂದಕ್ಕೆ ಚಾಚಿದ್ದರೆ, ಮೇಲಣ ಮೈಕ್ರೋವೇವ್ ಚಾಚುವುದು ಸಾಮಾನ್ಯವಾಗಿ ೧೫–೧೬ ಅಂಗುಲ. ಎಂದಮೇಲೆ ಮುಂದಿನ ಸಾಲಿನ ಎರಡು ಉರಿಗಳ ಮೇಲೆ ಏನೂ ಇಲ್ಲದಂತಾಯಿತು. ಅಡುಗೆ ಮಾಡುವವರು ಕೈಗೆ ಹತ್ತಿರವೆಂದು ಹೆಚ್ಚಾಗಿ ಬಳಸುವುದು ಆ ಮುಂದಿನ ಉರಿಗಳನ್ನೇ. ಹುಡ್ಡಿನಂತೆ ಬೋರಲಾಗಿ ಹೊಗೆಯನ್ನು ತಡೆದು ನಿಲ್ಲಿಸುವ ಗುಳಿಯೂ ಅದರ ಚಪ್ಪಟೆಯ ತಳದಲ್ಲಿಲ್ಲ.

ಹಳೆಯ ಹುಡ್ಡಿಗೆ ಹೊರಗೋಡೆಯವರೆಗೆ ಕೊಳವೆಯಿದ್ದ ಮನೆಗಳಲ್ಲಿ ಮೈಕ್ರೋವೇವನ್ನೂ ಅದಕ್ಕೆ ಜೋಡಿಸುವುದು ಸುಲಭವಾಗಿದ್ದಿತು. ೩¼ ಅಂಗುಲಕ್ಕೆ ೧೦ ಅಂಗುಲದ ಆಯತಾಕಾರದ ಕೊಳವೆ, ಇಲ್ಲವೆ ೬ ಅಂಗುಲ ವ್ಯಾಸದ ದುಂಡು ಕೊಳವೆ ಇದಕ್ಕೆ ಸಾಕು. ತುದಿಯಲ್ಲಿ ಹೊರಗಾಳಿಯು ಒಳಬಾರದಂತೆ ತಾನಾಗಿಯೇ ಮುಚ್ಚಿಕೊಳ್ಳುವ ಪಡಿಯೊಂದಿರಬೇಕು. ಕೊಳವೆಯು ಮೋಟಾಗಿ ನೇರವಾಗಿರಬೇಕು. ಪ್ರತಿಯೊಂದು ತಿರುವೂ ಬೀಸಣಿಗೆಯ ಬಲವನ್ನು ತಿನ್ನುತ್ತದೆ. ಆದರೆ ಒಲೆಯು ಒಳಗೋಡೆಗೆ ತಾಗಿರುವ ಮನೆಗಳಲ್ಲಿಯೂ ಬಹುಮಹಡಿಯ ಕಟ್ಟಡಗಳಲ್ಲಿಯೂ ಕೊಳವೆಯು ಇರಲೇ ಇಲ್ಲ. ಅಲ್ಲಿ ಬೀಸಣಿಗೆಯ ಮುಖವು ಕಾರ್ಖಾನೆಯಿಂದ ಬಂದಂತೆಯೇ ಉಳಿಯಿತು. ಕಟ್ಟಡವನ್ನು ಕಟ್ಟಿದವನಿಗೆ ಕೊಳವೆಯ ಖರ್ಚು ಉಳಿಯಿತು. ಮನೆಯನ್ನು ನೋಡಲು ಬಂದವರಿಗೆ ‘ಬೀಸಣಿಗೆಯೂ ಉಂಟು’ ಎಂದು ತೋರಿಸುವಂತೆಯೂ ಆಯಿತು. ಇದ್ದಿಲಿನ ಶೋಧಕವು ಹೊಸದಾಗಿರುವಾಗ ವಾಸನೆಯನ್ನು ಸ್ವಲ್ಪ ಹೀರುತ್ತದೆ. ಹಬೆಯನ್ನಾಗಲಿ ಕಾರ್ಬನ್ ಮಾನಾಕ್ಸೈಡನ್ನಾಗಲಿ ಅದು ತಡೆಯುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಅದನ್ನು ಬದಲಾಯಿಸಬೇಕೆಂಬುದನ್ನು ನೆನಪಿಡುವ ಗೃಹಸ್ಥರೂ ವಿರಳ.

ಇದೇ ವರ್ಷಗಳಲ್ಲಿ ಎರಡು ಬೇರೆ ಬೇರೆ ಬೆಳವಣಿಗೆಗಳಾದುವು. ೧೯೭೩ರ ತೈಲದ ಬಿಕ್ಕಟ್ಟಿನ ತರುವಾಯ ಶಾಖವನ್ನು ಉಳಿಸುವುದಕ್ಕಾಗಿ ಮನೆಗಳ ಸಂದುಗೊಂದುಗಳನ್ನೆಲ್ಲ ಮುಚ್ಚಿ ಬಿಗಿಗೊಳಿಸಲಾಯಿತು. ಹ್ಯಾರಿಸನ್ನನ ಕಾಲದ ಮಾಡಿನಂತೆ ತಾನಾಗಿ ಹೊಗೆಯನ್ನು ಬಿಡುತ್ತಿದ್ದ ಬಿರುಕುಗಳೂ ಹೋದುವು. ಇನ್ನೊಂದೆಡೆ, ೧೯೭೭ರಲ್ಲಿ ಮೆಲಿಯಾ ಮೊದಲಾದವರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ, ಅನಿಲದಿಂದ ಅಡುಗೆ ಮಾಡುವ ಮನೆಗಳ ಮಕ್ಕಳಲ್ಲಿ ಶ್ವಾಸಕೋಶದ ತೊಂದರೆಗಳು ಹೆಚ್ಚೆಂದು ವರದಿ ಮಾಡಿದರು. ಅನಂತರದ ಸಂಶೋಧನೆಗಳೆಲ್ಲವೂ ಒಂದೇ ಮಾತನ್ನು ಹೇಳಲಿಲ್ಲವಾದರೂ ಪ್ರಶ್ನೆಯು ವಿದ್ವಾಂಸರ ಮುಂದೆ ಬಂದು ನಿಂತುದು ಅಂದಿನಿಂದ. ಹುಡ್ಡನ್ನು ಕಿತ್ತು ಮೈಕ್ರೋವೇವನ್ನು ಕೂರಿಸುವ ಉಪಾಯವೂ, ಒಲೆಯ ಗಾಳಿ ಕೆಡುಕೆಂಬ ಸಂದೇಹವೂ ಹೆಚ್ಚುಕಡಿಮೆ ಏಕಕಾಲದಲ್ಲಿ ಹುಟ್ಟಿ, ಬಹುಕಾಲ ಪರಸ್ಪರ ಪರಿಚಯವಿಲ್ಲದೆಯೇ ಬೆಳೆದುವೆಂಬುದು ಗಮನಾರ್ಹ.

ಅವೆರಡೂ ಸಂಧಿಸಿದುದು ನಿಯಮಗಳ ಪುಸ್ತಕದಲ್ಲಿ. ಅಮೆರಿಕದ ಶೈತ್ಯ ಮತ್ತು ವಾಯು ಎಂಜಿನಿಯರುಗಳ ಸಂಘವಾದ ಆಷ್ರೇ, ವಾಸದ ಮನೆಗಳಿಗಾಗಿ ೨೦೦೩ರಲ್ಲಿ ಪ್ರಕಟಿಸಿದ ೬೨.೨ ಎಂಬ ಮಾನದಂಡದಲ್ಲಿ, ಬೇಕಾದಾಗ ಚಾಲಿಸುವ ಅಡುಗೆಮನೆಯ ಬೀಸಣಿಗೆಯು ನಿಮಿಷಕ್ಕೆ ಕನಿಷ್ಠ ೧೦೦ ಘನ ಅಡಿ ಗಾಳಿಯನ್ನು ಹೊರಗೆ ಕಳುಹಿಸಬೇಕೆಂದು ವಿಧಿಸಿತು. ‘ಹೊರಗೆ’ ಎಂಬ ಮಾತಿನಿಂದ ಗಾಳಿಯನ್ನು ಒಳಗೇ ಸುತ್ತಿಸುವ ಯಂತ್ರಗಳು ಲೆಕ್ಕದಿಂದ ಬಿಟ್ಟುಹೋದುವು. ಕ್ಯಾಲಿಫೋರ್ನಿಯ ಸಂಸ್ಥಾನವು ಇದನ್ನು ತನ್ನ ೨೦೦೮ರ ಕಟ್ಟಡ ನಿಯಮಗಳಲ್ಲಿ ಸೇರಿಸಿಕೊಂಡಿತು. ಆ ನಿಯಮಗಳು ೨೦೧೦ರಿಂದ ಜಾರಿಗೆ ಬಂದುವು. ಆದರೆ ಹೊರಗೆ ಕಳುಹಿಸಿದಷ್ಟು ಗಾಳಿಯು ಒಳಗೆ ಬರಲೇಬೇಕಷ್ಟೆ. ಬಿಗಿಯಾದ ಮನೆಯಲ್ಲಿ ಬಲವಾದ ಬೀಸಣಿಗೆಯು ನೀರು ಕಾಯಿಸುವ ಹಂಡೆಯ ಹೊಗೆಯನ್ನು ಅದರ ಕೊಳವೆಯಿಂದ ಹಿಂದಕ್ಕೆಳೆದುಕೊಳ್ಳಬಹುದು. ಆದುದರಿಂದ ನಿಮಿಷಕ್ಕೆ ೪೦೦ ಘನ ಅಡಿಗಿಂತ ಹೆಚ್ಚು ಸೆಳೆಯುವ ಹುಡ್ಡಿದ್ದರೆ ಪ್ರತಿಗಾಳಿಗೆ ಬೇರೆ ದಾರಿಯನ್ನು ಮಾಡಬೇಕೆಂದು ೨೦೦೯ರ ವಸತಿಸಂಹಿತೆಯು ನಿಯಮಿಸಿತು. ಒಲೆಯ ಮೇಲಣ ಮೈಕ್ರೋವೇವುಗಳ ಬೀಸಣಿಗೆಗಳು ೩೦೦ ರಿಂದ ೪೦೦ರ ನಡುವೆಯೇ ನಿಲ್ಲುವುದಕ್ಕೆ ಇದೂ ಒಂದು ಕಾರಣವಿರಬೇಕು.

ನಿಯಮದ ಅಂಕಿಗಳೂ ಅಡುಗೆಮನೆಯ ವಾಸ್ತವವೂ ಒಂದೇ ಅಲ್ಲ. ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಮನೆಗಳಲ್ಲಿ ಬಳಕೆಯಲ್ಲಿರುವ ಹುಡ್ಡು ಮತ್ತು ಮೈಕ್ರೋವೇವುಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಒಲೆಯಿಂದೆದ್ದ ಹೊಗೆಯಲ್ಲಿ ಅವು ಹಿಡಿದು ಹೊರಗೆ ಕಳುಹಿಸುತ್ತಿದ್ದ ಭಾಗವು ನೂರಕ್ಕೆ ೧೫ಕ್ಕಿಂತ ಕಡಿಮೆಯಿಂದ ೯೮ಕ್ಕಿಂತ ಹೆಚ್ಚಿನವರೆಗೆ ವ್ಯತ್ಯಾಸವಾಗುತ್ತಿದ್ದಿತು. ಹಿಂದಿನ ಉರಿಗಳ ಹೊಗೆಯನ್ನು ಚೆನ್ನಾಗಿಯೂ ಮುಂದಿನ ಉರಿಗಳದನ್ನು ಕಡಿಮೆಯಾಗಿಯೂ ಅವು ಹಿಡಿಯುತ್ತಿದ್ದುವು. ಒಲೆಯ ಮೇಲೆ ಜಾಗ ಉಳಿಸಿದ ೧೯೭೦ರ ದಶಕದ ಉಪಾಯದ ಬೆಲೆಯನ್ನು ಹೀಗೆ ಮೂರು ದಶಕಗಳ ಮೇಲೆ ಅಳೆದು ನೋಡಿದಂತಾಯಿತು.

ಇದೆಲ್ಲವೂ ದೂರದ ದೇಶದ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮಲ್ಲಿ ಇದೇ ಪ್ರಶ್ನೆಯು ಸೌದೆಯ ಒಲೆಯ ರೂಪದಲ್ಲಿ ಬಂದಿತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ೧೯೫೩ರಲ್ಲಿ ‘ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದಿ ಮಿಲಿಯನ್ಸ್’ ಎಂಬ ಪುಸ್ತಕದಲ್ಲಿ ಹೊಗೆಗೊಳವೆಯುಳ್ಳ ಮಣ್ಣಿನ ಒಲೆಯನ್ನು ಪ್ರತಿಪಾದಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ರೂಪಿಸಿತು, ಬಿಸಿಗಾಳಿಯು ಮೂರೂ ಪಾತ್ರೆಗಳ ಅಡಿಯಲ್ಲಿ ಹಾದು ಕೊಳವೆಯ ಮೂಲಕ ಮಾಡಿನ ಹೊರಗೆ ಹೋಗುವಂತೆ ಅದರ ರಚನೆ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಆ ಕೇಂದ್ರದ ಗ್ರಾಮೀಣ ಶಾಖೆಯಿದ್ದಿತು. ೧೯೮೩ರಲ್ಲಿ ತೊಡಗಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ೨೦೦೨ರಲ್ಲಿ ನಿಂತುಹೋಯಿತು. ೨೦೧೬ರ ಉಜ್ವಲಾ ಯೋಜನೆಯು ಒಲೆಯನ್ನು ಬಿಟ್ಟು ಇಂಧನವನ್ನೇ ಬದಲಾಯಿಸುವ ದಾರಿಯನ್ನು ಹಿಡಿಯಿತು. ಸೌದೆಯ ಹೊಗೆಯೊಡನೆ ಹೋಲಿಸಿದರೆ ಅನಿಲದಿಂದಾದ ಉಪಕಾರವು ಅಪಾರ; ಇದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅನಿಲದೊಡನೆ ಹೊಗೆಗೊಳವೆಯ ಯೋಚನೆಯು ಇಲ್ಲಿಯೂ ಹಿಂದೆ ಸರಿಯಿತು.

ಭಾಷೆಯಲ್ಲಿಯೂ ಇದರ ಜಾಡನ್ನು ಕಾಣಬಹುದು. ‘ಚಿಮಣಿ’ ಎಂಬ ಮಾತು ಕನ್ನಡದಲ್ಲಿ ಮನೆಮಾತಾದುದು ದೀಪದ ಬುರುಡೆಯಿಂದ. ಉತ್ತರ ಕರ್ನಾಟಕದಲ್ಲಿ ಸೀಮೆಎಣ್ಣೆಗೇ ಚಿಮಣಿ ಎಣ್ಣೆಯೆಂದು ಹೆಸರು. ಅನಂತರ ಅದು ಗಿರಣಿಯ ಹೊಗೆಗೊಳವೆಯಾಯಿತು. ಈಗ ನಗರಗಳಲ್ಲಿ ಚಿಮಣಿಯೆಂದರೆ ಅನಿಲದ ಒಲೆಯ ಮೇಲಿ ಬಿಗಿಯುವ ವಿದ್ಯುತ್ ಹುಡ್ಡು. ಒಲೆಯ ಮೇಲೆಯೇ ಮೈಕ್ರೋವೇವನ್ನು ಬಿಗಿಯುವ ರೂಢಿ ನಮ್ಮಲ್ಲಿ ಅಪರೂಪ. ಅದು ಕಟ್ಟೆಯ ಮೇಲೋ ಕಪಾಟಿನಲ್ಲೋ ಇರುತ್ತದೆ. ಆದರೆ ಕೊಳವೆಯುಳ್ಳ ಚಿಮಣಿಯೂ ಕೊಳವೆಯಿಲ್ಲದ ಚಿಮಣಿಯೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ದೊರೆಯುತ್ತವೆ. ಎರಡನೆಯದಕ್ಕೆ ಚಿಮಣಿಯೆಂಬ ಹೆಸರು ಹೇಗೆ ಸಲ್ಲುವುದೋ ನಾವು ಅರಿಯೆವು. ಬೆಂಗಳೂರಿನ ವಸತಿಸಮುಚ್ಚಯಗಳಲ್ಲಿ ಹೊರಗೋಡೆಯನ್ನು ಕೊರೆಯಬೇಕಾದರೆ ಮನೆಯ ಒಡೆಯರೂ, ಅನೇಕ ವೇಳೆ ನಿವಾಸಿಗಳ ಸಂಘವೂ ಒಪ್ಪಬೇಕು. ಆ ಒಪ್ಪಿಗೆ ದೊರೆಯದ ಬಾಡಿಗೆದಾರರು ಕೊಳವೆಯಿಲ್ಲದ ಚಿಮಣಿಯನ್ನು ಕೊಂಡು ತಂದು, ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿಯನ್ನು ತೆರೆದಿಡುತ್ತಾರೆ.